ಕಡತ ಯಾರ ಮೇಜಿನ ಮೇಲಿದೆ

ಕೆಲವರಿಗೆ ಕಾಫಿ ಸ್ಟೀಲ್ ಲೋಟದಲ್ಲೇ ಆಗಬೇಕು, ಕಪ್ಪಿನಲ್ಲಿ ಕೊಟ್ಟರೆ ಕುಡಿದ ಹಾಗೇ ಆಗುವುದಿಲ್ಲ. ನನ್ನ ಚಟವೂ ಅಂಥದ್ದೇ. ಕೊಚ್ಚಿಯ ಪಾಲಾರಿವಟ್ಟಂನ ನಮ್ಮ ಸಾಫ್ಟ್‌ವೇರ್ ಆಫೀಸಿನಲ್ಲಿ ಎಲ್ಲರೂ ಬ್ರೌಸರಿನಲ್ಲಿ ಬಣ್ಣದ ಗುಂಡಿ ಒತ್ತಿ ಮಾಡುವ ಕೆಲಸವನ್ನು ನಾನು ಕಪ್ಪು ಪರದೆಯಲ್ಲಿ ಕಮಾಂಡ್ ಟೈಪ್ ಮಾಡಿಯೇ ಮಾಡುವುದು. ಪ್ರೋಗ್ರಾಮಿನಲ್ಲಿ ಏನೋ ಸರಿಯಿಲ್ಲ ಎಂದು ಯಾರಾದರೂ ದೂರು ಬರೆದರೆ ಅದು ಇಶ್ಯೂ. ‘ಹೀಗೆ ತಿದ್ದಿದ್ದೇನೆ, ನೋಡಿ, ಒಪ್ಪಿಗೆಯಾದರೆ ಸೇರಿಸಿಕೊಳ್ಳಿ’ ಎಂದು ಅರ್ಜಿ ಹಾಕಿದರೆ ಅದು ಪುಲ್ ರಿಕ್ವೆಸ್ಟ್. ಕಾಸರಗೋಡಿನ ಕೋರ್ಟಿನಲ್ಲಿ ಗುಮಾಸ್ತರಾಗಿದ್ದ ನನ್ನ ಅಪ್ಪನಿಗೆ ಇದನ್ನು ವಿವರಿಸಿದಾಗ, "ನಮ್ಮ ಕಡತದ ಹಾಗೆಯೇ ಅಲ್ವಾ? ತಡ ಆಯ್ತು ಅಂತ ಬೊಬ್ಬೆ ಹೊಡೆಯುವ ಮೊದಲು ಅದು ಯಾರ ಮೇಜಿನ ಮೇಲೆ ಉಂಟು ಅಂತ ನೋಡು" ಎಂದಿದ್ದರು. ಕಂಪ್ಯೂಟರಿಗೆ ಮೇಜೆಲ್ಲಿಯದು ಎಂದು ನಾನು ನಕ್ಕಿದ್ದೆ.

ಈ ಚಟ ಹತ್ತಿಸಿದವರು ಪಕ್ಕದ ಕುರ್ಚಿಯ ಹಿರಿಯ ಸಹೋದ್ಯೋಗಿ ಶಶಿಯೇಟ್ಟ, ಅಂದರೆ ಶಶಿಯಣ್ಣ. ಮಲಯಾಳಿಯಾದರೂ ಕಾಸರಗೋಡಿನಲ್ಲಿ ಓದಿದವರು, ನನ್ನೊಡನೆ ಕನ್ನಡದಲ್ಲೇ ಮಾತು. "ಮೌಸ್ ಬಿಡು ಮಾರಾಯ್ತಿ, ಎಲ್ಲ ಬೆರಳಿಗೆ ಬರ್ಲಿ" ಎಂದು ಪಕ್ಕದಲ್ಲಿ ಕೂತು ಒಂದೊಂದೇ ಕಮಾಂಡ್ ಕಲಿಸಿದರು. ನಾಲ್ಕು ಗಂಟೆಗೆ ಜಂಕ್ಷನ್ನಿನ ಅಂಗಡಿಯಲ್ಲಿ ಚಾಯ, ಜೊತೆಗೆ ಪಳಂಪೊರಿ ಎಂಬ ಬಾಳೆಹಣ್ಣಿನ ಪೋಡಿ. ಮೂರು ವರ್ಷದ ಹಿಂದೆ ಅವರಿಗೆ ತಿರುವನಂತಪುರದ ಶಾಖೆಗೆ ವರ್ಗವಾಯಿತು. ವೈಟ್ಟಿಲದ ಬಸ್ ನಿಲ್ದಾಣದಲ್ಲಿ ಅವರನ್ನು ಬಸ್ಸು ಹತ್ತಿಸಿ ಬಂದು ಪುಲ್ ರಿಕ್ವೆಸ್ಟ್‌ಗಳ ಪಟ್ಟಿ ತೆಗೆದರೆ, ಕೊನೆಯ ದಿನ ಅವರು ಹಾಕಿ ಹೋದ ಪುಲ್ ರಿಕ್ವೆಸ್ಟ್ ಒಂದಿತ್ತು: ‘ಕ್ಯಾಲೆಂಡರಿನಲ್ಲಿ ಸಣ್ಣ ತಿದ್ದುಪಡಿ’. ಯಾರೋ ನೋಡುತ್ತಾರೆ ಎಂದುಕೊಂಡೆ. ಯಾರೂ ನೋಡಲಿಲ್ಲ. ಉಳಿದವರ ಅರ್ಜಿಗಳು ಬಂದು ಹೋದವು, ಇದು ಮಾತ್ರ ಪಟ್ಟಿಯ ತಳದಲ್ಲಿ ಉಳಿಯಿತು. ದಿನಾ ಬೆಳಿಗ್ಗೆ ಅವರ ಹೆಸರು ಕಂಡರೆ ಪಕ್ಕದ ಕುರ್ಚಿ ಖಾಲಿಯಿಲ್ಲ ಅನ್ನಿಸುತ್ತಿತ್ತು. ಅದಕ್ಕೇ ನಾನೂ ಮುಟ್ಟಲಿಲ್ಲ.

ಕ್ಯಾಲೆಂಡರ್ ಎಂದಾಗ ಇನ್ನೊಂದು ತಪ್ಪೊಪ್ಪಿಗೆ. ರಜೆ ಅರ್ಜಿ ಹಾಕಲು ನಮ್ಮ ಆಫೀಸಿನವರೇ ಬರೆದ ಪ್ರೋಗ್ರಾಮಿನ ಕ್ಯಾಲೆಂಡರಿನಲ್ಲಿ ಓಣಂ ಉಂಟು, ವಿಷು ಉಂಟು, ಚೌತಿ ಇಲ್ಲ. ಕಾಸರಗೋಡಿನಲ್ಲಿ ರಜೆ ಕೊಡಿಸುವ ಗಣಪತಿಗೆ ಕೊಚ್ಚಿಯಲ್ಲಿ ಆ ಅಧಿಕಾರವಿಲ್ಲ. ಬಹಳ ಹಿಂದೆ ಇದರ ಬಗ್ಗೆ ಒಂದು ಇಶ್ಯೂ ಬರೆದಿದ್ದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಗಾಗಿ ಪ್ರತಿವರ್ಷ ಚೌತಿಗೆ ನನಗೆ ಜ್ವರ ಬರುತ್ತದೆ. ಊರಿಗೆ ಹೋಗಿ ಕಡುಬು ತಿಂದು, ಮೂರನೆಯ ದಿನ ಸೊರಗಿದ ಮುಖ ಮಾಡಿಕೊಂಡು ಆಫೀಸಿಗೆ ಬರುತ್ತೇನೆ.

ಮೊನ್ನೆ ಮ್ಯಾನೇಜರ್, "ಹಳೆಯ ಪುಲ್ ರಿಕ್ವೆಸ್ಟ್‌ಗಳನ್ನೆಲ್ಲ ಶುಕ್ರವಾರದೊಳಗೆ ಮುಚ್ಚಿಬಿಡಿ" ಎಂದರು. ಒಂದೊಂದಾಗಿ ಮುಚ್ಚುತ್ತಾ ಬಂದೆ. ಕೊನೆಗೆ ಅದೊಂದೇ ಉಳಿಯಿತು. ಬೆರಳು ಏಳಲಿಲ್ಲ. ಎದ್ದು ಹೋಗಿ ಚಾಯ ಕುಡಿದು ಬಂದೆ. ಆಮೇಲೆ ‘ಹಳೆಯದಾದ್ದರಿಂದ ಮುಚ್ಚಲಾಗಿದೆ’ ಎಂದು ಬರೆದು ಎಂಟರ್ ಒತ್ತಿದೆ. ನಿಜವಾಗಿಯೂ ಸಂಕಟವಾಯಿತು.

ಮುಚ್ಚಿದ ಸುದ್ದಿ ಅರ್ಜಿ ಹಾಕಿದವರಿಗೆ ತಾನಾಗಿಯೇ ಮೇಲ್ ಹೋಗುತ್ತದೆ. ಹತ್ತು ನಿಮಿಷದಲ್ಲಿ ತಿರುವನಂತಪುರದಿಂದ ಫೋನು.

"ಅಲ್ಲ ಮಾರಾಯ್ತಿ, ಮುಚ್ಚಿಬಿಟ್ಟೆಯಾ?" ಎಂದರು ಶಶಿಯೇಟ್ಟ.

"ಏನು ಮಾಡ್ಲಿ ಶಶಿಯೇಟ್ಟ, ಮೂರು ವರ್ಷ ಆದ್ರೂ ಯಾರೂ ನೋಡ್ಲಿಲ್ಲ."

"ಯಾರು ನೋಡ್ಬೇಕಿತ್ತು ಅಂತ ನೋಡಿದ್ದೀಯಾ? ಒಮ್ಮೆ ಬ್ರೌಸರಿನಲ್ಲಿ ತೆಗಿ."

ಮಾನ ಬಿಟ್ಟು ಮೌಸ್ ಹಿಡಿದೆ. ಪುಟದ ಬಲಬದಿಯಲ್ಲಿ, ಪರಿಶೀಲಿಸಿ ಒಪ್ಪಿಗೆ ಕೊಡಬೇಕಾದವರು ಎಂಬಲ್ಲಿ, ನನ್ನ ಹೆಸರು. ಅದೊಂದೇ ಹೆಸರು. ನನ್ನ ಕಪ್ಪು ಪರದೆಯ ಪಟ್ಟಿಯಲ್ಲಿ ಬರೆದವರ ಹೆಸರು ಮಾತ್ರ ಕಾಣುವಂತೆ ನಾನೇ ಮಾಡಿಕೊಂಡಿದ್ದೆ. ನೆನಪಿಸುವ ಮೇಲ್‌ಗಳನ್ನು ಓದದೆ ಒಂದು ಮೂಲೆಗೆ ತಳ್ಳುವಂತೆಯೂ ಮಾಡಿಕೊಂಡಿದ್ದೆ. ತಿದ್ದುಪಡಿ ಒಂದೇ ಸಾಲಿನದು: ರಜೆಗಳ ಪಟ್ಟಿಗೆ ಗಣೇಶ ಚೌತಿ.

"ವರ್ಷವೂ ನಿನಗೆ ಜ್ವರ ಬರುವುದು ಕಂಡು ಪಾಪ ಅನಿಸಿತ್ತು" ಎಂದರು. "ಹೋಗುವ ಮೊದಲು ಅದೊಂದು ಸರಿ ಮಾಡಿಡುವ ಅಂತ."

ಯಾರೂ ನೋಡಲಿಲ್ಲ ಎಂದು ನಾನು ಬೇರೆಯವರನ್ನು ಬೈದುಕೊಂಡ ಮೂರು ವರ್ಷವೂ ಕಡತ ನನ್ನ ಮೇಜಿನ ಮೇಲೇ ಇತ್ತು. ಅವರು ಫೋನಿನಲ್ಲಿ ಇರುವಾಗಲೇ ಮತ್ತೆ ತೆರೆದೆ, ಒಪ್ಪಿದೆ, ಸೇರಿಸಿದೆ. ಮೂರು ಕಮಾಂಡ್, ಒಂದು ನಿಮಿಷವೂ ಹಿಡಿಯಲಿಲ್ಲ.

ಮರುದಿನ ಪಟ್ಟಿಯ ತಳ ಬರಿದಾಗಿತ್ತು. ಆ ಬೇಸರ ಮರೆಯಲು ಈ ವರ್ಷದ ಚೌತಿಗೆ ಮೊದಲ ಬಾರಿ ರಾಜಮಾರ್ಗದಲ್ಲಿ ರಜೆ ಹಾಕಿದೆ. ಕ್ಯಾಲೆಂಡರಿನಲ್ಲಿ ಹಬ್ಬದ ಹೆಸರು ಹುಡುಕಿ, ಆರಿಸಿ, ಅರ್ಜಿ ಕಳಿಸಿ, ಹೆಮ್ಮೆಯಿಂದ ಇನ್ನೊಮ್ಮೆ ಓದಿದೆ. ಎಲ್ಲ ಬೆರಳಿಗೆ ಬರಲಿ ಎಂದಿದ್ದರಲ್ಲ ಶಶಿಯೇಟ್ಟ, ಬಂದಿತ್ತು. ರಜೆಗೆ ಕಾರಣ ಎಂಬಲ್ಲಿ ನನ್ನ ಬೆರಳುಗಳು ತಾವಾಗಿಯೇ ‘ಜ್ವರ’ ಎಂದು ಬರೆದಿದ್ದವು.