ಯಾರು ಮುಟ್ಟಿದ್ದು ಈ ಗಾಡೀನ?

ನನಗೆ ಸುಲಭವಾಗಿ ಸಿಟ್ಟು ಬರುವುದಿಲ್ಲ. ಹೀಗೆಂದು ಹೇಳಿದಾಗಲೆಲ್ಲ ನನ್ನ ಹೆಂಡತಿ ನಸೀಮಾ ಒಳಗಿನಿಂದ ಒಂದು ಸಲ ಕೆಮ್ಮುತ್ತಾಳೆ. ಆ ಕೆಮ್ಮನ್ನು ಓದುಗರು ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ನನ್ನ ವಯಸ್ಸು ಕೇಳಿ, ಆದಾಯ ಕೇಳಿ, ತಲೆಗೂದಲು ಎಲ್ಲಿ ಹೋಯಿತೆಂದು ಕೇಳಿ, ನಗುತ್ತಲೇ ಉತ್ತರ ಕೊಡುತ್ತೇನೆ. ಆದರೆ ಒಂದು ಪ್ರಶ್ನೆ ಇದೆ, ಅದು ಕಿವಿಗೆ ಬಿದ್ದರೆ ನೆತ್ತಿ ಬಿಸಿಯಾಗುತ್ತದೆ. ಅದನ್ನು ಕೇಳುವವರು ಮೆಕ್ಯಾನಿಕ್‌ಗಳು. ಮೊದಲು ಬಾನೆಟ್ ಎತ್ತುತ್ತಾರೆ. ಒಳಗೆ ಇಣುಕಿ ನಾಲಿಗೆಯಲ್ಲಿ ಲೊಚಗುಟ್ಟುತ್ತಾರೆ. ಆಮೇಲೆ ನಿಧಾನವಾಗಿ ನನ್ನ ಕಡೆ ತಿರುಗಿ, "ಯಾರ್ ಮುಟ್ಟಿದ್ದು ಇದನ್ನ?" ಎನ್ನುತ್ತಾರೆ. ಇದು ಪ್ರಶ್ನೆಯಲ್ಲ, ತೀರ್ಪು. ಮುಟ್ಟಿದವನು ಪಾಪಿ, ಮುಟ್ಟಲು ಬಿಟ್ಟ ನಾನು ಅವನಿಗಿಂತ ದೊಡ್ಡ ಪಾಪಿ, ಎಲ್ಲವನ್ನೂ ಸರಿಮಾಡಬಲ್ಲ ಪುಣ್ಯಾತ್ಮ ಈಗ ಎದುರಿಗೆ ನಿಂತಿದ್ದಾನೆ, ಅವನು ಕೇಳಿದಷ್ಟು ಕೊಡಬೇಕು ಎಂದು ಅದರ ಅರ್ಥ.

ತುಮಕೂರಿನಲ್ಲಿ ನನ್ನದೊಂದು ಸೋಫಾ ಅಂಗಡಿ ಇದೆ. ಅಂಗಡಿ ಎಂದರೆ ಗಾಜಿನ ಬಾಗಿಲು, ಎ.ಸಿ. ಇರುವಂಥದ್ದಲ್ಲ, ಹಳೆಯ ಸೋಫಾಗಳಿಗೆ ಹೊಸ ಸ್ಪಂಜು, ಹೊಸ ಬಟ್ಟೆ ಹಾಕಿಕೊಡುವ ಒಂದು ಶೆಡ್ಡು. ಮನೆಗಳಲ್ಲಿ ಕೂರುವವರ ಸಂಖ್ಯೆ ಎಂದೂ ಕಡಿಮೆಯಾಗದ ಕಾರಣ ಕೆಲಸಕ್ಕೆ ಕೊರತೆಯಿಲ್ಲ. ಆದರೆ ಸೋಫಾ ತರಲು, ವಾಪಸು ಮುಟ್ಟಿಸಲು ಪ್ರತಿ ಸಲ ಬಾಡಿಗೆ ಗಾಡಿಯವರ ಮುಂದೆ ಕೈಕಟ್ಟಿ ನಿಲ್ಲಬೇಕಿತ್ತು. ಅವರ ಗತ್ತು ನೋಡಿ ಸಾಕಾಗಿ, ನಮ್ಮದೇ ಒಂದು ಇರಲಿ ಎಂದು ಗುಬ್ಬಿ ತಾಲ್ಲೂಕಿನ ಚೇಳೂರಿನ ತೆಂಗಿನಕಾಯಿ ವ್ಯಾಪಾರಿಯೊಬ್ಬರಿಂದ ಸೆಕೆಂಡ್ ಹ್ಯಾಂಡ್ ಪಿಕಪ್ ಕೊಂಡೆ. ಸ್ವಂತ ಮಗನ ಥರ ನೋಡಿಕೊಂಡಿದ್ದೇನೆ ಎಂದು ಅವರು ಹೇಳಿದರು. ಅವರ ಮಗನನ್ನೂ ಬೆಳಿಗ್ಗೆ ಎಬ್ಬಿಸಲು ನಾಲ್ಕು ಜನ ಬೇಕೆಂದು ನನಗೆ ಆಮೇಲೆ ಗೊತ್ತಾಯಿತು. ಗಾಡಿ ಕೊಳ್ಳುವವರು ಎಂಜಿನ್ ಸದ್ದು ಕೇಳುತ್ತಾರಂತೆ, ಹೊಗೆಯ ಬಣ್ಣ ನೋಡುತ್ತಾರಂತೆ, ಕೆಳಗೆ ಮಲಗಿ ಎಣ್ಣೆ ಸೋರುತ್ತಿದೆಯೇ ಎಂದು ಪರೀಕ್ಷಿಸುತ್ತಾರಂತೆ. ನಾನು ಬಾಗಿಲು ತೆಗೆದು ಸೀಟು ಒತ್ತಿ ನೋಡಿದೆ. ಸ್ಪ್ರಿಂಗ್ ಚೆನ್ನಾಗಿತ್ತು. ರೆಕ್ಸಿನ್ ಹೊಲಿಗೆ ಗೆರೆ ಎಳೆದಂತೆ ನೇರವಾಗಿತ್ತು. ಇಷ್ಟು ಶಿಸ್ತಿನ ಸೀಟು ಇಟ್ಟುಕೊಂಡವರು ಉಳಿದದ್ದನ್ನು ಕೆಡಲು ಬಿಡುತ್ತಾರೆಯೇ ಎಂದು ಅಲ್ಲೇ ಅಡ್ವಾನ್ಸ್ ಕೊಟ್ಟುಬಿಟ್ಟೆ. ಇವತ್ತಿಗೂ ಆ ಗಾಡಿಯಲ್ಲಿ ಕೆಡದೆ ಉಳಿದ ಭಾಗವೆಂದರೆ ಸೀಟು ಒಂದೇ.

ಮೊದಲು ಹೋದದ್ದು ಸೆಲ್ಫ್. ಕೀಲಿ ತಿರುಗಿಸಿದರೆ ಟಿಕ್ ಎನ್ನುವುದು, ಅಷ್ಟೇ. ಬೀದಿಯವರೆಲ್ಲ ಸೇರಿ ತಳ್ಳಬೇಕು. ತಳ್ಳಿ ತಳ್ಳಿ ನಮ್ಮ ಬೀದಿಯಲ್ಲಿ ಹಿಂದೂ ಮುಸ್ಲಿಂ ಸೌಹಾರ್ದ ಎಷ್ಟು ಬೆಳೆಯಿತೆಂದರೆ, ನನ್ನನ್ನು ಕಂಡೊಡನೆ ಎಲ್ಲರೂ ಒಂದೇ ಮನಸ್ಸಿನಿಂದ ಮನೆಯೊಳಗೆ ಹೋಗತೊಡಗಿದರು. ಸೆಲ್ಫ್ ಸರಿಮಾಡಿಸಿದರೆ ಕ್ಲಚ್ ಪ್ಲೇಟ್ ಹೋಯಿತು. ಅದನ್ನು ಹಾಕಿಸಿದರೆ ರೇಡಿಯೇಟರ್ ಸೋರಿತು. ಅದನ್ನು ಮುಚ್ಚಿಸಿದರೆ ಎಡಗಡೆ ಬಾಗಿಲು ಹೊರಗಿನಿಂದ ಮಾತ್ರ ತೆಗೆಯುವಂತಾಗಿ, ನಸೀಮಾಳನ್ನು ಎಲ್ಲಿಗೆ ಕರೆದುಕೊಂಡು ಹೋದರೂ ನಾನು ಓಡಿಹೋಗಿ ಬಾಗಿಲು ತೆಗೆದು ನಿಲ್ಲಬೇಕಾಯಿತು. ಇದೊಂದು ರಿಪೇರಿ ಮಾತ್ರ ಮಾಡಿಸುವುದು ಬೇಡ ಎಂದು ಅವಳು ಹೇಳಿದ್ದಾಳೆ. ಮನೆಯಲ್ಲಿ ನಾವು ಮಾತಾಡುವುದು ಉರ್ದು. ಆದರೆ ಗಾಡಿ ಬೈಯಲು ಆ ಭಾಷೆಯ ನಯ ನಾಜೂಕು ಒದಗುವುದಿಲ್ಲ. ಅದಕ್ಕೆ ಕನ್ನಡವೇ ಬೇಕು, ಅದೂ ಗುಬ್ಬಿ ಸಂತೆಯಲ್ಲಿ ಕಲಿತ ಕನ್ನಡ.

ಇನ್ನು ಮೆಕ್ಯಾನಿಕ್‌ಗಳ ವಿಷಯ. ತುಮಕೂರಿನವನು ಬಾನೆಟ್ ಎತ್ತಿ ಯಾರು ಮುಟ್ಟಿದ್ದು ಎಂದ. ಗುಬ್ಬಿಯವನು ಎಂದೆ. "ಅದಕ್ಕೇ" ಎಂದ. ಮುಂದಿನ ತಿಂಗಳು ಗುಬ್ಬಿಯಲ್ಲಿ ಗಾಡಿ ನಿಂತಿತು. ಗುಬ್ಬಿಯವನು ಯಾರು ಮುಟ್ಟಿದ್ದು ಎಂದ. ತುಮಕೂರಿನವನು ಎಂದೆ. ಅವನೂ "ಅದಕ್ಕೇ" ಎಂದ. ಈ "ಅದಕ್ಕೇ" ಎಂಬ ಒಂದು ಮಾತಿನಲ್ಲಿ ನನ್ನ ಎಷ್ಟು ಸೋಫಾಗಳ ಸಂಪಾದನೆ ಮುಳುಗಿದೆಯೋ ದೇವರಿಗೇ ಗೊತ್ತು. ಖರ್ಚು ಎಷ್ಟಾಗಬಹುದು ಎಂದರೆ ಇಬ್ಬರದೂ ಒಂದೇ ಉತ್ತರ, ಬಿಚ್ಚಿ ನೋಡಬೇಕು. ಬಿಚ್ಚುವವರೆಗೆ ಅವರಿಗೆ ಗೊತ್ತಿಲ್ಲ. ಬಿಚ್ಚಿದ ಮೇಲೆ ನಮಗೆ ಬೇರೆ ದಾರಿಯಿಲ್ಲ, ಏಕೆಂದರೆ ಗಾಡಿ ನಾಲ್ಕು ಬಾಂಡ್ಲಿಯಲ್ಲಿ ಬಿದ್ದಿರುತ್ತದೆ. ಕೊನೆಗೆ ಲೆಕ್ಕ ಹೇಳುವಾಗ ಪ್ಲೇಟಿಗೆ ಇಷ್ಟು, ಕೂಲಿಗೆ ಇಷ್ಟು, ಆಮೇಲೆ "ಅದೂ ಇದೂ" ಎಂದು ಇಷ್ಟು. ಈ ಅದೂ ಇದೂ ಯಾವಾಗಲೂ ಪ್ಲೇಟಿಗಿಂತ ದುಬಾರಿ. ಅದು ಯಾವುದು, ಇದು ಯಾವುದು ಎಂದು ಒಮ್ಮೆ ತುಮಕೂರಿನವನನ್ನು ಹಟ ಹಿಡಿದು ಕೇಳಿದೆ. ಗ್ರೀಸು, ಸೀಮೆಎಣ್ಣೆ, ವೇಸ್ಟ್ ಬಟ್ಟೆ ಎಂದ. ವೇಸ್ಟ್ ಬಟ್ಟೆಯನ್ನು ನನ್ನ ಅಂಗಡಿಯಿಂದ ಚೀಲಗಟ್ಟಲೆ ತಂದುಕೊಟ್ಟವನು ನಾನೇ. ನನ್ನ ಬಟ್ಟೆಯಲ್ಲಿ ಕೈ ಒರೆಸಿಕೊಂಡು ನನಗೇ ಬಿಲ್ಲು. ಇದನ್ನು ಯಾರ ಹತ್ತಿರ ಹೇಳಿಕೊಳ್ಳುವುದು ಎಂದು ತಿಳಿಯದೆ ನಿಮ್ಮ ಹತ್ತಿರ ಹೇಳುತ್ತಿದ್ದೇನೆ.

ಒಮ್ಮೆ ದೇವರಾಯನದುರ್ಗದ ಮೇಲೆ ಒಬ್ಬರ ಮನೆಗೆ ದಿವಾನ್ ಕೊಂಡೊಯ್ಯುತ್ತಿದ್ದೆ. ಅರ್ಧ ಏರಿನಲ್ಲಿ ಗಾಡಿ ದಮ್ಮು ಕಟ್ಟಿ ನಿಂತಿತು. ಚಕ್ರಕ್ಕೆ ಕಲ್ಲು ಕೊಟ್ಟು ಬರುವಷ್ಟರಲ್ಲಿ ಕೋತಿಗಳ ಒಂದು ಸಂಸಾರ ಇಳಿದು ಬಂದು, ಹೊದಿಸಿದ್ದ ಟಾರ್ಪಾಲು ಸರಿಸಿ, ದಿವಾನದ ಮೇಲೆ ಸಾಲಾಗಿ ಕೂತಿತ್ತು. ಅವುಗಳಲ್ಲಿ ಹಿರಿಯದೊಂದು ಸ್ಪಂಜನ್ನು ಒತ್ತಿ ನೋಡಿತು, ಥೇಟ್ ನಾನು ಚೇಳೂರಿನಲ್ಲಿ ಒತ್ತಿ ನೋಡಿದ ಹಾಗೆ. ಬೆಟ್ಟಕ್ಕೆ ಹೊರಟಿದ್ದ ಭಕ್ತರು ಕಾರು ನಿಲ್ಲಿಸಿ ಫೋಟೊ ತೆಗೆದರು. ತಳ್ಳಲು ಮಾತ್ರ ಒಬ್ಬರೂ ಇಳಿಯಲಿಲ್ಲ.

ಇಷ್ಟಾದರೂ ನಾನು ಗಾಡಿ ಮಾರಲಿಲ್ಲ. ಕೆಲಸದಲ್ಲಿ ಪಕ್ಕಾ ಎಂಬ ಹೆಸರು ನನಗಿದೆ; ಗಾಡಿಯಿಂದಾಗಿ ಸೋಫಾ ತಡವಾಗಬಹುದು, ಆದರೆ ನನ್ನ ಕೆಲಸದಲ್ಲಿ ಯಾರೂ ಬೆರಳಿಟ್ಟು ತೋರಿಸಿಲ್ಲ. ಆ ಹೆಸರಿಗೇ ಕುತ್ತು ಬಂದದ್ದು ಗಿರಿಜಮ್ಮ ಟೀಚರ್ ಸೋಫಾ ವಿಷಯದಲ್ಲಿ. ಗಿರಿಜಮ್ಮ ಟೀಚರ್ ನನಗೆ ಕನ್ನಡ ಕಲಿಸಿದವರು. ಈಗ ನಿವೃತ್ತರಾಗಿ ಕುಣಿಗಲ್ ಹತ್ತಿರದ ಕೊತ್ತಗೆರೆಯಲ್ಲಿದ್ದಾರೆ. ತುಮಕೂರಿನ ಆಸ್ಪತ್ರೆಯಲ್ಲಿ ಮಂಡಿಯ ಆಪರೇಷನ್‌ಗೆ ದಿನ ಗೊತ್ತಾದಾಗ, ಇನ್ನು ಮೇಲೆ ತಗ್ಗಿನಲ್ಲಿ ಕೂರಬಾರದು ಎಂದು ಡಾಕ್ಟರು ಹೇಳಿದ್ದರಂತೆ. ಮನೆಯ ಹಳೆಯ ಸೋಫಾಗೆ ಎತ್ತರದ ಕಾಲು, ಗಟ್ಟಿ ಸ್ಪಂಜು ಹಾಕಿಸಬೇಕೆಂದು ನನ್ನ ಶೆಡ್ಡಿಗೇ ಬಂದಿದ್ದರು. ಎಲ್ಲ ಕೆಲಸವನ್ನೂ ನೀನೊಬ್ಬನೇ ಮಾಡುತ್ತೀಯಾ ಎಂದು ಕೇಳಿದರು. ನಾನು ಎದೆಯುಬ್ಬಿಸಿ, ಒಬ್ಬನೇ ಟೀಚರ್, ಹುಡುಗರನ್ನು ಇಟ್ಟುಕೊಂಡರೆ ಕೆಲಸ ಕೆಡುತ್ತದೆ, ನನ್ನ ಸೋಫಾದ ಮೇಲೆ ಬೇರೆಯವರ ಕೈ ಬೀಳಲು ಬಿಡುವುದಿಲ್ಲ ಎಂದೆ. ಅವರು ಮೆಚ್ಚಿ ತಲೆಯಾಡಿಸಿದರು. ಹಿಂದೆ ಶಾಲೆಯಲ್ಲಿ ಕಾಪಿ ಪುಸ್ತಕಕ್ಕೆ ಒಳ್ಳೆಯ ಅಂಕ ಕೊಟ್ಟಾಗ ಆಡಿಸುತ್ತಿದ್ದ ಹಾಗೆಯೇ ಇತ್ತು ಅದು. ಆಸ್ಪತ್ರೆಯಿಂದ ಬಿಡುವ ದಿನ ಅವರು ಮನೆ ತಲುಪುವ ಮೊದಲೇ ಸೋಫಾ ಅಲ್ಲಿರುತ್ತದೆ ಎಂದು ಮಾತು ಕೊಟ್ಟೆ. ಬರೀ ವ್ಯಾಪಾರದ ಮಾತಾಗಿರಲಿಲ್ಲ ಅದು. ಸೋಫಾ ಇರದಿದ್ದರೆ ಅವರಿಗೆ ನಿಜವಾಗಿಯೂ ಕೂರಲು ಜಾಗವಿರಲಿಲ್ಲ.

ಆ ದಿನ ಬೆಳಿಗ್ಗೆ ಬೇಗನೆ ಹೊರಟೆ. ಗೂಳೂರು ದಾಟಿತು, ಹೆಬ್ಬೂರು ದಾಟಿತು, ಗಾಡಿ ಒಂದು ಸಲವೂ ಕೆಮ್ಮಲಿಲ್ಲ. ನನಗೇ ಅನುಮಾನ ಬಂತು. ಕುಣಿಗಲ್ ಇನ್ನೂ ಸ್ವಲ್ಪ ದೂರ ಇರುವಾಗ ಎಂಜಿನ್ ಎರಡು ಸಲ ಜಗ್ಗಿ ಆರಿಹೋಯಿತು. ಪುಣ್ಯಕ್ಕೆ ಎದುರಿಗೇ ಹುಣಸೆಮರದ ಕೆಳಗೆ ಕೆಂಪಣ್ಣನ ಗ್ಯಾರೇಜು. ಗ್ಯಾರೇಜೆಂದರೆ ಒಂದು ತಗಡಿನ ಮಾಡು, ಒಂದು ನಾಯಿ, ಮತ್ತು ಕೆಂಪಣ್ಣ. ಕಳೆದ ಬೇಸಿಗೆಯಲ್ಲಿ ಇದೇ ಜಾಗದಲ್ಲಿ ಡೀಸೆಲ್ ಪೈಪಿನೊಳಗೆ ಗಾಳಿ ಸೇರಿ ಗಾಡಿ ನಿಂತಿದ್ದಾಗ ಇವರೇ ಸರಿಮಾಡಿಕೊಟ್ಟಿದ್ದರು. ಜ್ಯಾಕ್ ಕೊಡಬೇಕು, ಭಾರ ಇಳಿಸಿ ಎಂದರು. ದಾರಿಹೋಕರಿಬ್ಬರ ಕಾಲು ಹಿಡಿದು ಸೋಫಾವನ್ನು ಮರದ ನೆರಳಿಗೆ ಇಳಿಸಿದೆವು. ಕೆಂಪಣ್ಣ ಗಾಡಿಯ ಕೆಳಗೆ ನುಸುಳಿದರು. ಲೊಚಗುಟ್ಟಿದ ಸದ್ದು ಕೇಳಿಸಿತು. ಮುಂದಿನದು ಏನೆಂದು ನನಗೆ ಗೊತ್ತಿತ್ತು.

"ಯಾರ್ ಭಾಯ್ ಮುಟ್ಟಿದ್ದು ಇದನ್ನ? ಪೈಪಿಗೆ ಕ್ಲಿಪ್ ಹಾಕ್ದೆ ತಂತಿ ಸುತ್ತವ್ನಲ್ಲ, ಅವ್ನಿಗೆ ಮನೇಲಿ ಅನ್ನ ಹಾಕ್ತಾರಾ?"

ನನ್ನ ಜೀವಮಾನದಲ್ಲಿ ಇಂಥ ಅವಕಾಶ ಮತ್ತೆ ಬರಲಿಕ್ಕಿಲ್ಲ. ತುಮಕೂರು, ಗುಬ್ಬಿ ಎಲ್ಲ ಕಡೆ ತಲೆತಗ್ಗಿಸಿ ನಿಂತ ಸಿಟ್ಟೆಲ್ಲ ಒಟ್ಟಿಗೆ ಬಂತು. ಬಗ್ಗಿ ಕುಳಿತು, ಅವರ ಮುಖ ಕಾಣುವ ಹಾಗೆ ನೋಡಿಕೊಂಡು, "ನೀವೇ, ಕೆಂಪಣ್ಣ. ಹೋದ್ ಬೇಸ್ಗೇಲಿ, ಇದೇ ಮರದ ಕೆಳಗೆ" ಎಂದೆ.

ನಾಯಿ ಬಾಲ ಆಡಿಸುವುದನ್ನು ನಿಲ್ಲಿಸಿತು. ಆಮೇಲೆ ಗಾಡಿಯ ಕೆಳಗಿನಿಂದ ಏನೂ ಆಗಿಲ್ಲವೆಂಬಂಥ ದನಿ ಬಂತು: "ಹಂಗಾರೆ ಹುಡುಗ ಮಾಡಿರ್ತಾನೆ ಬುಡಿ."

ಯಾವ ಹುಡುಗ? ನಾನು ಎದ್ದು ನಿಂತು ಸುತ್ತ ತೋರಿಸಿ ಕೇಳಿದೆ. ಈ ಗ್ಯಾರೇಜಿನಲ್ಲಿ ಹುಡುಗ ಎಂಬುವನು ಎಂದಾದರೂ ಇದ್ದನೇ, ಇದ್ದರೆ ಅವನ ಹೆಸರೇನು, ಊರು ಯಾವುದು, ಬರೀ ನಾಯಿ ಇರುವ ಕಡೆ ಹುಡುಗನ ಮೇಲೆ ಹೇಳುತ್ತೀರಲ್ಲ, ಮಾಡಿದ ತಪ್ಪನ್ನು ಮಾಡಿದೆ ಎಂದು ಒಪ್ಪಿಕೊಂಡರೆ ಗಂಟೇನು ಹೋಗುತ್ತದೆ, ನಮ್ಮ ಕಸುಬಿನಲ್ಲೂ ಹೀಗೆ ಮಾಡಿದರೆ ಜನ ಬಿಡುತ್ತಾರಾ ಎಂದು ದೊಡ್ಡ ಭಾಷಣವನ್ನೇ ಮಾಡಿದೆ. ಗುಬ್ಬಿ ಸಂತೆಯ ಕನ್ನಡ ಪೂರ್ತಿ ಖರ್ಚಾಯಿತು. ಸೋಫಾ ಇಳಿಸಿಕೊಟ್ಟ ಇಬ್ಬರೂ ಭಾಷಣ ಚೆನ್ನಾಗಿದೆಯೆಂದು ನಿಂತೇ ಇದ್ದರು. ಕೆಂಪಣ್ಣ ಮಾತ್ರ ಗಾಡಿಯ ಕೆಳಗೆ ಸ್ಪ್ಯಾನರ್ ತಿರುಗಿಸುತ್ತಿದ್ದರು.

ಅಷ್ಟರಲ್ಲಿ ತುಮಕೂರಿನ ಕಡೆಯಿಂದ ಬಂದ ಕಾರೊಂದು ನಮ್ಮನ್ನು ದಾಟಿ, ನಿಂತು, ಹಿಂದಕ್ಕೆ ಬಂತು. ಕಾರು ಓಡಿಸುತ್ತಿದ್ದವಳು ಗಿರಿಜಮ್ಮ ಟೀಚರ್ ಅವರ ತಂಗಿಯ ಮಗಳು, ಪಕ್ಕದಲ್ಲಿ ಟೀಚರ್. ನನ್ನ ಮಾತು ಅಲ್ಲಿಗೇ ನಿಂತಿತು. ಅವರ ಮನೆ ತಲುಪಿರಬೇಕಾದ ಸೋಫಾ ರಸ್ತೆ ಬದಿಯಲ್ಲಿತ್ತು. ಟೀಚರ್ ಬೈಯಲಿಲ್ಲ. ಕಾರಿನಲ್ಲಿ ಕಾಲು ಮಡಿಸಿ ಮಡಿಸಿ ಜೀವ ಹೋಗುತ್ತಿದೆ, ಒಳ್ಳೆಯದೇ ಆಯಿತು, ಸ್ವಲ್ಪ ಇಲ್ಲೇ ಕೂರುತ್ತೇನೆ ಎಂದರು. ವಾಕರ್ ಹಿಡಿದು ಇಳಿಸಿದೆವು. ಹುಣಸೆಮರದ ನೆರಳಿನಲ್ಲಿ, ಹೋಗಿಬರುವ ಬಸ್ಸಿನವರೆಲ್ಲ ನೋಡುತ್ತಿರುವಾಗ, ನನ್ನ ಟೀಚರ್ ನನ್ನ ಸೋಫಾದ ಮೇಲೆ ಕೂತರು. ಎತ್ತರ ಸರಿಯಾಗಿತ್ತು. "ಎಷ್ಟ್ ಹಾಯಾಗಿದೆಯೋ ಇಲಿಯಾಸು" ಎಂದು ಅವರು ಕಣ್ಣು ಮುಚ್ಚಿದರು. ನಾನು ಕೆಂಪಣ್ಣನ ಕಡೆ ನೋಡಿದೆ. ಕೆಲಸ ಅಂದರೆ ಹೀಗಿರಬೇಕು ಎಂದು ಬಾಯಿ ಬಿಟ್ಟು ಹೇಳಲಿಲ್ಲ, ಅಷ್ಟೇ.

ಆಗ ಸೋಫಾದ ಬಲಮೂಲೆಯಿಂದ ಲಟಕ್ ಎಂದು ಸದ್ದು ಬಂತು. ಟೀಚರ್ ಒಂದು ಕಡೆಗೆ ವಾಲಿದರು. ತಂಗಿಯ ಮಗಳು ಓಡಿಬಂದು ಹಿಡಿದುಕೊಂಡಳು; ಅವರಿಗೆ ಏನೂ ಆಗಲಿಲ್ಲ. ಹೊಸದಾಗಿ ಕೂರಿಸಿದ ಎತ್ತರದ ಕಾಲೊಂದು ಕಳಚಿ ಹೊರಗೆ ಬಿದ್ದಿತ್ತು. ಟೀಚರ್ ವಾಕರ್ ಹಿಡಿದು ನಿಂತು, ಆ ಕಾಲನ್ನು ಎತ್ತಿಕೊಡಲು ಹೇಳಿ, ಕನ್ನಡಕ ಸರಿಮಾಡಿಕೊಂಡು ನೋಡಿದರು. ಅದರಲ್ಲಿದ್ದ ಸ್ಕ್ರೂ ನನ್ನ ಕಿರುಬೆರಳಿನ ಉಗುರಿನಷ್ಟಿತ್ತು. ಕಾಲು ಕೂರಿಸುವ ದಿನ ಶೆಡ್ಡಿನಲ್ಲಿ ಉದ್ದದ ಸ್ಕ್ರೂ ಮುಗಿದಿದ್ದವು. ಹೋಗಿ ತರಲು ಗಾಡಿ ಸ್ಟಾರ್ಟ್ ಆಗಿರಲಿಲ್ಲ. ಇಷ್ಟೇ ಸಾಕು, ತಡೆಯುತ್ತದೆ ಎಂದುಕೊಂಡಿದ್ದೆ.

"ಇಷ್ಟ್ ದೊಡ್ ಸೋಫಾಗೆ ಇಷ್ಟ್ ಸಣ್ ಸ್ಕ್ರೂನಾ? ಯಾರೋ ಹಾಕಿದ್ದು ಇದನ್ನ?" ಎಂದರು.

ನನ್ನ ನಾಲಿಗೆ ನನ್ನನ್ನು ಕೇಳಲಿಲ್ಲ. "ಹುಡುಗ ಹಾಕಿರ್ತಾನೆ ಟೀಚರ್" ಎಂದಿತು.

ಗಿರಿಜಮ್ಮ ಟೀಚರ್, ಹೋಮ್‌ವರ್ಕ್ ಮನೆಯಲ್ಲಿ ಮರೆತು ಬಂದೆ ಎಂದಾಗ ನೋಡುತ್ತಿದ್ದ ಹಾಗೆ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಪಿಕಪ್ಪಿನ ಕೆಳಗೆ ಸ್ಪ್ಯಾನರ್ ಸದ್ದು ನಿಂತಿತ್ತು. ಕೆಂಪಣ್ಣ ನಿಧಾನವಾಗಿ ಹೊರಗೆ ಬಂದು, ಗಾಡಿಯಿಂದ ನಾನು ತೆಗೆದುಕೊಟ್ಟಿದ್ದ ವೇಸ್ಟ್ ಬಟ್ಟೆಯಲ್ಲಿ ಕೈ ಒರೆಸಿಕೊಂಡು, ಡಬ್ಬಿಯಿಂದ ಉದ್ದನೆಯ ಬೋಲ್ಟುಗಳನ್ನು ಆರಿಸಿ ನನ್ನ ಅಂಗೈಯಲ್ಲಿಟ್ಟರು. ನಾಲ್ಕೂ ಕಾಲಿಗೆ ಆಗುವಷ್ಟಿದ್ದವು. ನಾನು ಮಂಡಿಯೂರಿ ಕೂತು ಅವುಗಳನ್ನು ಹಾಕುವವರೆಗೂ ಕೆಂಪಣ್ಣ ನನ್ನ ಬೆನ್ನಿಗೇ ನಿಂತು ನೋಡುತ್ತಿದ್ದರು. ಕೊನೆಗೆ ಲೆಕ್ಕ ಹೇಳುವಾಗ ಪೈಪಿನ ಕ್ಲಿಪ್ಪಿಗೆ ಇಷ್ಟು, ಕೂಲಿಗೆ ಇಷ್ಟು ಎಂದರು. ಬೋಲ್ಟುಗಳದ್ದು ಎಷ್ಟು ಎಂದು ಕೇಳಿದೆ. "ಅದ್ಯಾಕ್ ಬುಡಿ ಭಾಯ್" ಎಂದರು, "ಹುಡುಗನ್ ಲೆಕ್ಕಕ್ಕೆ ಹಾಕೋಣ." ಮೊದಲ ಬಾರಿಗೆ ಒಬ್ಬ ಮೆಕ್ಯಾನಿಕ್ ಬಿಲ್ಲಿನಲ್ಲಿ ಅದೂ ಇದೂ ಸೇರಿಸಲಿಲ್ಲ, ಮತ್ತು ಅಷ್ಟು ದುಬಾರಿ ಬಿಲ್ಲನ್ನು ನಾನು ಎಂದೂ ಕೊಟ್ಟಿರಲಿಲ್ಲ.

ಸೋಫಾ ಈಗ ಕೊತ್ತಗೆರೆಯಲ್ಲಿ ಅಲುಗದೆ ನಿಂತಿದೆಯಂತೆ. ಗಾಡಿಯೂ ಓಡುತ್ತಿದೆ, ಅದರ ಇಷ್ಟ ಬಂದಷ್ಟು ದೂರ. ಯಾರಾದರೂ ಬಾನೆಟ್ ಎತ್ತಿ ಯಾರು ಮುಟ್ಟಿದ್ದು ಎಂದರೆ ನನಗೆ ಈಗಲೂ ಸಿಟ್ಟು ಬರುತ್ತದೆ, ಆದರೆ ಬಾಯಿ ತೆರೆಯುವುದಿಲ್ಲ. ಅಂಗಡಿಗೆ ಒಬ್ಬ ಹುಡುಗನನ್ನು ಹುಡುಕುತ್ತಿದ್ದೇನೆ. ಕೆಲಸ ಬರದಿದ್ದರೂ ಪರವಾಗಿಲ್ಲ, ಬೇರೆ ಕೆಲಸವಿದೆ.