ಓದುಗಿ ೪೧೭ ಅವರನ್ನು ಹಿಂತಿರುಗಿಸುವ ಕುರಿತು

ಪರಸ್ಪರ ಓದುಗರ ಬಳಗದ ಸ್ಥಾಪಕರೂ ಸಂಚಾಲಕರೂ ಆಗಿರುವ, ನಲವತ್ತನಾಲ್ಕು ಬರಹಗಾರರ ಬೆನ್ನನ್ನು ಏಕಕಾಲಕ್ಕೆ ತಟ್ಟಬಲ್ಲ ಕೈಯನ್ನು ಹುಟ್ಟುತ್ತಲೇ ಪಡೆದು ಬಂದಿರುವ, ಎಲ್ಲರಿಂದಲೂ ಚಪ್ಪಾಳೆ ಅಣ್ಣ ಎಂದು ಪ್ರೀತಿಯಿಂದ ಕರೆಸಿಕೊಳ್ಳುವ ಮಾನ್ಯರೇ,

ಅನಂತ ವಂದನೆಗಳು. ತಾವು ಕ್ಷೇಮ, ತಮ್ಮ ಹೆಬ್ಬೆರಳೂ ಕ್ಷೇಮ ಎಂದು ನಂಬಿದ್ದೇನೆ. ಈ ಪತ್ರವನ್ನು ಬಳಗದ ಗುಂಪಿನಲ್ಲಿ ಹಾಕದೆ, ನಾವೆಲ್ಲ ಕಥೆ ಪ್ರಕಟಿಸುವ ತಾಣದ ಬಹಿರಂಗ ಪುಟದಲ್ಲಿ, ಅಂದರೆ ಖಾತೆಯಿಲ್ಲದವರೂ ಬಂದು ಓದಬಹುದಾದ ಏಕೈಕ ಜಾಗದಲ್ಲಿ ಹಾಕುತ್ತಿರುವುದಕ್ಕೆ ಕ್ಷಮೆಯಿರಲಿ. ಅದಕ್ಕೊಂದು ಕಾರಣವಿದೆ, ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

ನನ್ನ ನೆನಪು ತಮಗೆ ಇರಲಾರದು, ಆದರೂ ನನ್ನನ್ನು ತಾವು ಏಳು ಸಲ ಅಪರೂಪದ ಪ್ರತಿಭೆ ಎಂದು ಕರೆದಿದ್ದೀರಿ. ನಾನು ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ ಎಕ್ಸ್‌ರೇ ತೆಗೆಯುವವನು. ದಿನಕ್ಕೆ ಅರವತ್ತು ಜನರಿಗೆ ಉಸಿರು ಬಿಗಿಹಿಡಿಯಿರಿ, ಈಗ ಬಿಡಿ ಎಂದು ಹೇಳುವುದು, ಎಡಗೈ ಯಾವುದು ಬಲಗೈ ಯಾವುದು ಎಂದು ವೈದ್ಯರಿಗೆ ತಿಳಿಯುವಂತೆ ಮೂಳೆಯ ಪಕ್ಕ ಸೀಸದ ಅಕ್ಷರವನ್ನು ತಪ್ಪದೆ ಇಡುವುದು ನನ್ನ ಕಸುಬು. ಬಿಡುವಿನಲ್ಲಿ ಧಾರಾವಾಹಿಯೊಂದನ್ನು ಬರೆಯುತ್ತೇನೆ. ಕೀಲಿ ಮಾಡುವವನೊಬ್ಬನಿಗೆ ಅವನ ಗುರು ಸಾಯುವಾಗ ಒಂದು ಕೀಲಿಯನ್ನು ಕೊಟ್ಟು ಬಾಗಿಲು ಯಾವುದೆಂದು ಹೇಳದೆ ಹೋಗಿಬಿಡುತ್ತಾನೆ, ಶಿಷ್ಯ ಬೀದಿ ಬೀದಿ ಅಲೆದು ಆ ಬಾಗಿಲನ್ನು ಹುಡುಕುತ್ತಾನೆ, ಕಥೆ ಇಷ್ಟೇ. ಇದನ್ನು ತಮಗೇ ಬಿಡಿಸಿ ಹೇಳುತ್ತಿರುವುದು ಉದ್ಧಟತನವಲ್ಲ; ತಾವು ಪ್ರತಿ ಕಂತನ್ನೂ ಮೆಚ್ಚಿದ್ದೀರಿ, ಆದ್ದರಿಂದ ಕಥೆ ಏನೆಂದು ತಿಳಿಯಲು ತಮಗೆ ಪುರುಸೊತ್ತು ಸಿಕ್ಕಿರಲಾರದು ಎಂಬ ಕಾಳಜಿ.

ಬಳಗಕ್ಕೆ ಸೇರುವ ಮೊದಲು ನನಗಿದ್ದ ಓದುಗರು ಇಬ್ಬರು. ಒಬ್ಬಳು ನನ್ನ ಹೆಂಡತಿ, ಅವಳು ಓದಿದಂತೆ ತಲೆಯಾಡಿಸುತ್ತಿದ್ದಳು. ಇನ್ನೊಬ್ಬರು ಓದುಗಿ ೪೧೭ ಎಂಬ ಖಾತೆಯವರು, ತಾಣವೇ ಅಂಟಿಸಿದ ಆ ಹೆಸರನ್ನು ಬದಲಾಯಿಸಿಕೊಳ್ಳುವ ಗೋಜಿಗೂ ಹೋಗದವರು. ಪ್ರತಿ ಕಂತಿನ ಕೆಳಗೂ ಅವರು ಬರೆಯುತ್ತಿದ್ದದ್ದು ಒಂದೇ ಸಾಲು, 'ಓದಿದೆವು, ಮುಂದಿನದು ಯಾವಾಗ?' ಆ ಸಾಲಿಗೆ ನಾನು ಒಮ್ಮೆಯೂ ಉತ್ತರ ಬರೆಯಲಿಲ್ಲ. ಬಳಗಕ್ಕೆ ಸೇರಿದ ಮೇಲಂತೂ ಸದಸ್ಯರ ಪ್ರತಿಕ್ರಿಯೆಗಳಿಗೆ ಮೊದಲು ಧನ್ಯವಾದ ಹೇಳಬೇಕೆಂಬ ತಮ್ಮ ಮೂರನೇ ನಿಯಮವಿತ್ತು, ನಲವತ್ತಮೂರು ಜನರಿಗೆ ಕೈಮುಗಿದು ಮುಗಿಸುವಷ್ಟರಲ್ಲಿ ಮುಂದಿನ ರೋಗಿ ಬಾಗಿಲಲ್ಲಿ ನಿಂತಿರುತ್ತಿದ್ದ.

ನೀ ನನಗಿದ್ದರೆ ನಾ ನಿನಗೆ ಎಂದು ಹಿರಿಯರು ಹೇಳಿದ್ದನ್ನು ಅವರು ಕನಸಿನಲ್ಲೂ ಊಹಿಸದ ಎತ್ತರಕ್ಕೆ ಏರಿಸಿದ ಕೀರ್ತಿ ತಮ್ಮದು. ಸದಸ್ಯರೊಬ್ಬರ ಬರಹ ಬಂದ ಒಂದು ಗಂಟೆಯೊಳಗೆ ಉಳಿದವರೆಲ್ಲ ಐದು ನಕ್ಷತ್ರ ಒತ್ತಿ ಪ್ರತಿಕ್ರಿಯೆ ಬರೆಯಬೇಕು, ಬರೆಯಲು ಬಾರದವರಿಗೆಂದು ತಾವೇ ಕಷ್ಟಪಟ್ಟು ಸಿದ್ಧಪಡಿಸಿದ ಇಪ್ಪತ್ತು ಪ್ರತಿಕ್ರಿಯೆಗಳ ಪಟ್ಟಿಯಿದೆ, ಅದರಿಂದ ಒಂದನ್ನು ಎತ್ತಿ ಅಂಟಿಸಿದರಾಯಿತು. ಡ್ರೈವಿಂಗ್ ಸ್ಕೂಲಿನ ಮಾಸ್ತರರು ನನ್ನ ನಾಲ್ಕನೇ ಕಂತನ್ನು ಹನ್ನೊಂದು ಸೆಕೆಂಡಿನಲ್ಲಿ ಓದಿ ಕಣ್ಣೀರು ಹಾಕಿದರು, ಅದೂ ಪಕ್ಕದಲ್ಲಿ ಕಲಿಯುವವರೊಬ್ಬರು ಗಾಡಿಯನ್ನು ಹಿಂದಕ್ಕೆ ತೆಗೆಯುತ್ತಿದ್ದಾಗ. ತೂಕ ಮತ್ತು ಅಳತೆ ಇಲಾಖೆಯಿಂದ ನಿವೃತ್ತರಾದ ಹಿರಿಯರು ಎಷ್ಟು ನಿಷ್ಠಾವಂತರೆಂದರೆ ಪಟ್ಟಿಯ ಕ್ರಮಸಂಖ್ಯೆಯನ್ನೂ ಬಿಡದೆ, '೧೪. ಪಾತ್ರಪೋಷಣೆ ಮನಸೂರೆಗೊಂಡಿತು' ಎಂದು ಬರೆಯುತ್ತಾರೆ.

ಅವರನ್ನು ಆಡಿಕೊಳ್ಳುವ ಯೋಗ್ಯತೆ ನನಗಿಲ್ಲ. ಬ್ಯೂಟಿ ಪಾರ್ಲರ್ ನಡೆಸುವ ನಮ್ಮ ಸದಸ್ಯೆ ತನ್ನ ಮೈದುನನ ಸಾವಿನ ಬಗ್ಗೆ ಬರೆದ ದಿನ, ಒಬ್ಬ ಮುದುಕರು ಎದೆಯ ಎಕ್ಸ್‌ರೇಗೆ ಉಸಿರು ಬಿಗಿಹಿಡಿದು ನಿಂತಿದ್ದ ಆ ನಾಲ್ಕು ಕ್ಷಣದಲ್ಲೇ ನಾನು ಏಳನೇ ನಂಬರಿನ 'ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು' ಎಂಬುದನ್ನು ಅಂಟಿಸಿದೆ. ಆಕೆಯೂ ತಕ್ಷಣ, 'ಧನ್ಯವಾದಗಳು ಸರ್, ನಿಮ್ಮ ಪ್ರೋತ್ಸಾಹ ಸದಾ ಹೀಗೇ ಇರಲಿ' ಎಂದು ಉತ್ತರಿಸಿದರು. ಇಷ್ಟು ಸೌಹಾರ್ದ ಅಣ್ಣತಮ್ಮಂದಿರ ನಡುವೆಯೂ ಸಿಗುವುದು ಕಷ್ಟ. ಅಂದಿನಿಂದ ನನ್ನ ವೇಗ ಇನ್ನೂ ಹೆಚ್ಚಿ, ಕಳೆದ ತಿಂಗಳು ತಾವು ನನಗೆ ತಿಂಗಳ ಹೆಬ್ಬೆರಳು ಎಂಬ ಪ್ರಶಸ್ತಿಪತ್ರವನ್ನು ಕಳಿಸಿದಿರಿ. ಅದನ್ನು ಎಕ್ಸ್‌ರೇ ಕೋಣೆಯ ಗೋಡೆಗೆ ಅಂಟಿಸಿದ್ದೇನೆ, ಹೆಬ್ಬೆರಳು ಮುರಿದುಕೊಂಡು ಬಂದವರು ಅದನ್ನು ಬಹಳ ಹೊತ್ತು ನೋಡುತ್ತಾರೆ.

ಇನ್ನು ದೂರಿನ ವಿಷಯ. ಏಳನೇ ಕಂತಿನ ಕೊನೆಯಲ್ಲಿ ಶಿಷ್ಯ ಕೊಟ್ಟಕೊನೆಗೆ ಒಂದು ಹಳೆಯ ಬಾಗಿಲ ಮುಂದೆ ನಿಂತು ಕೀಲಿಯನ್ನು ಒಳಗೆ ತೂರಿಸಿ ತಿರುಗಿಸುತ್ತಾನೆ. ಬಾಗಿಲು ತೆರೆಯುವುದು ಎಂಟನೇ ಕಂತಿನಲ್ಲಿ. ಆದರೆ ಎಂಟನೆಯದನ್ನು ಪ್ರಕಟಿಸುವ ದಿನ ಕೆಲಸದ ಗಡಿಬಿಡಿಯಲ್ಲಿ ನಾನು ಹಾಡಿದ್ದೇ ಹಾಡೋ ಕಿಸಬಾಯಿ ದಾಸನಂತೆ ಏಳನೇ ಕಂತನ್ನೇ, ಒಂದಕ್ಷರ ಬದಲಿಲ್ಲದೆ, ಮತ್ತೆ ಹಾಕಿಬಿಟ್ಟೆ. ಒಂದು ಗಂಟೆಯೊಳಗೆ ನಲವತ್ತಮೂರು ಮೆಚ್ಚುಗೆಗಳು ಬಂದವು. ಬಾಗಿಲು ತೆರೆದ ರೀತಿ ಅದ್ಭುತ ಎಂದರು ಮಾಸ್ತರರು. ಕಥೆ ಎಲ್ಲಿಂದ ಎಲ್ಲಿಗೆ ಬಂತು ಎಂದು ಬೆರಗಾದವರು ತಾವು. ವಾರದ ಮೊದಲ ಹತ್ತರ ಪಟ್ಟಿಯಲ್ಲಿ ನನ್ನ ಕಥೆ ಮೂರನೆಯ ಸ್ಥಾನಕ್ಕೆ ಏರಿತು, ನಾನು ಅಟ್ಟ ಹತ್ತಿ ಕೂತೆ. ಹೆಂಡತಿ ಮಾತ್ರ ತರಕಾರಿ ಹೆಚ್ಚುತ್ತಲೇ, 'ಇಷ್ಟು ಜನ ಹೊಗಳಿದಾರಲ್ಲ, ಓದಿದೋರು ಯಾರಾದ್ರೂ ಇದಾರಾ ನೋಡ್ರಿ' ಎಂದಳು. ಅಸೂಯೆ ಎಂದುಕೊಂಡು ನಾನು ಪಟ್ಟಿಯನ್ನು ಇನ್ನೊಮ್ಮೆ ನೋಡಿದೆ.

ಮರುದಿನ ತಾಣದಿಂದ ಒಂದು ಮೇಲ್ ಬಂತು. ನಲವತ್ತನಾಲ್ಕು ದೂರುಗಳ ಮೇರೆಗೆ ನಿಮ್ಮ ಕೃತಿಯ ಕೆಳಗಿದ್ದ ಹಾನಿಕಾರಕ ಪ್ರತಿಕ್ರಿಯೆಯನ್ನು ತೆಗೆಯಲಾಗಿದೆ, ಬರೆದವರ ಖಾತೆಯನ್ನು ಶಾಶ್ವತವಾಗಿ ಮುಚ್ಚಲಾಗಿದೆ, ನಿಮ್ಮ ಮಾಹಿತಿಗಾಗಿ ಆ ಪ್ರತಿಕ್ರಿಯೆ ಕೆಳಗಿದೆ ಎಂದು ಬರೆದಿತ್ತು. ಆ ಹಾನಿಕಾರಕ ಮಾತುಗಳನ್ನು ತಮ್ಮ ಅವಗಾಹನೆಗೆ ಇದ್ದಂತೆಯೇ ಸಲ್ಲಿಸುತ್ತಿದ್ದೇನೆ:

'ಇವರೇ, ಏಳನೇ ಕಂತನ್ನೇ ಮತ್ತೆ ಹಾಕಿಬಿಟ್ಟಿದ್ದೀರಿ, ನೋಡಿ. ಅಮ್ಮನಿಗೆ ಈಗ ಕಣ್ಣು ಕಾಣಲ್ಲ, ನಾನೇ ಓದಿ ಹೇಳೋದು. ಬಾಗಿಲು ತೆಗೀತೋ ಇಲ್ವೋ ಅಂತ ಬೆಳಿಗ್ಗೆಯಿಂದ ಮೂರು ಸಲ ಕೇಳಿದ್ರು. ಇನ್ನೊಂದು, ಐದನೇ ಕಂತಲ್ಲಿ ಏಣಿಯಿಂದ ಬಿದ್ದು ಅವನ ಎಡಗೈ ಮುರಿದಿತ್ತಲ್ವಾ, ಇಲ್ಲಿ ಎಡಗೈಯಲ್ಲೇ ಕೀಲಿ ತಿರುಗಿಸ್ತಾನೆ. ಇದನ್ನ ಹಿಡಿದದ್ದು ಅಮ್ಮ, ನಾನಲ್ಲ.'

ಮಾನ್ಯರೇ, ಇಪ್ಪತ್ತೆರಡು ವರ್ಷಗಳಿಂದ ಎಡಬಲದ ಅಕ್ಷರವನ್ನು ತಪ್ಪದೆ ಇಟ್ಟವನು ನಾನು. ನನ್ನ ಕಥಾನಾಯಕನ ಮುರಿದ ಕೈಯನ್ನು ನಾನೂ ಗಮನಿಸಿರಲಿಲ್ಲ, ನಲವತ್ತಮೂರು ಜೋಡಿ ಕಣ್ಣುಗಳೂ ಗಮನಿಸಿರಲಿಲ್ಲ, ಗಮನಿಸಿದ್ದು ಕಣ್ಣು ಕಾಣದ ಒಬ್ಬ ತಾಯಿ. ನಾನು ಬರೆದ ಒಂದೊಂದು ವಾಕ್ಯವೂ ಯಾರದೋ ಮನೆಯಲ್ಲಿ ಗಟ್ಟಿಯಾಗಿ ಓದಿಸಿಕೊಂಡು, ಆ ತಾಯಿಯ ಕಿವಿಗೆ ಬಿದ್ದು, ಅವರ ತಲೆಯಲ್ಲಿ ಎರಡು ಕಂತುಗಳವರೆಗೂ ಉಳಿದಿತ್ತು ಎಂಬುದನ್ನು ತಿಳಿದು ನನಗೆ ಅಳು ಬಂತು. ತಮ್ಮ ಪಟ್ಟಿಯಲ್ಲಿ ಕಣ್ಣೀರಿನದು ಎರಡನೇ ನಂಬರು, ನಾನದನ್ನು ನೂರಾರು ಕಡೆ ಅಂಟಿಸಿದ್ದೇನೆ, ನಿಜವಾಗಿ ಅತ್ತದ್ದು ಇದೇ ಮೊದಲು.

ಈ ನಲವತ್ತನಾಲ್ಕು ದೂರು ಕೊಟ್ಟ ಪುಣ್ಯಾತ್ಮರು ಯಾರೆಂದು ಸಿಟ್ಟಿನಿಂದ ಹುಡುಕಹೊರಟೆ. ಹಿಂದಿನ ದಿನ ಮಧ್ಯಾಹ್ನ ಗುಂಪಿನಲ್ಲಿ ತಮ್ಮ ಸಂದೇಶ ಬಂದಿತ್ತು: 'ನಮ್ಮ ಸದಸ್ಯರೊಬ್ಬರ ಕೃತಿಗೆ ಯಾರೋ ಕೆಟ್ಟದಾಗಿ ಬರೆದಿದ್ದಾರೆ, ಕೆಳಗಿನ ಲಿಂಕ್ ಒತ್ತಿ ದೂರು ಕೊಡಿ, ಒಗ್ಗಟ್ಟು ತೋರಿಸಿ.' ಅದರ ಕೆಳಗೆ 'ಒತ್ತಿದೆ' ಎಂದು ಬರೆದವರ ಸಾಲು. ಸಾಲಿನಲ್ಲಿ ಮೊದಲನೆಯವನು ನಾನು. ಕಾಲು ಉಳುಕಿಸಿಕೊಂಡ ಹೆಂಗಸೊಬ್ಬರು ಮೇಜಿನ ಮೇಲೆ ಮಲಗಿದ್ದಾಗ, ಸದಸ್ಯರು ಯಾರು, ಕೃತಿ ಯಾವುದು, ಬರೆದದ್ದು ಏನು ಎಂದು ನೋಡದೆ, ತಿಂಗಳ ಹೆಬ್ಬೆರಳಿಗೆ ತಕ್ಕ ಚುರುಕಿನಿಂದ ಒತ್ತಿದ್ದೆ. ನನ್ನ ಓದುಗಿಯನ್ನು ನಾನೇ ಕೈಯಾರೆ ಹೊರಗೆ ಹಾಕಿದ್ದೆ.

ಆದ್ದರಿಂದ ಈ ದೂರು ತಮ್ಮ ಮೇಲೂ ಹೌದು, ನನ್ನ ಮೇಲೂ ಹೌದು. ಆದರೆ ಸಂಚಾಲಕರು ತಾವಾದ್ದರಿಂದ ಪರಿಹಾರದ ಹೊಣೆಯನ್ನು ತಮ್ಮ ಪಾದಕ್ಕೇ ಒಪ್ಪಿಸುತ್ತಿದ್ದೇನೆ. ದಯವಿಟ್ಟು ಓದುಗಿ ೪೧೭ ಅವರನ್ನು ಇದ್ದ ಸ್ಥಿತಿಯಲ್ಲಿ, ತಾಯಿಯ ಸಮೇತ ಹಿಂತಿರುಗಿಸಿಕೊಡಿ. ಬದಲಿಗೆ ನನಗೆ ಬಂದಿರುವ ಅಷ್ಟೂ ನಕ್ಷತ್ರಗಳನ್ನು ತೆಗೆದುಕೊಳ್ಳಿ, ಹೊಸದಾಗಿ ಆಕಾಶವೊಂದನ್ನು ತೆರೆಯುವ ಆಲೋಚನೆ ತಮಗಿದ್ದರೆ ಉಪಯೋಗಕ್ಕೆ ಬಂದಾವು. ಹಿಂತಿರುಗಿಸಲು ಆಗದಿದ್ದರೆ ಬಳಗದಲ್ಲಿ ಯಾರಾದರೂ ಒಬ್ಬರು, ವರ್ಷಕ್ಕೊಂದು ಸಲವಾದರೂ, ಒಂದು ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಓದತಕ್ಕದ್ದು ಎಂಬ ನಿಯಮವನ್ನು ಸೇರಿಸಿ. ಹೊರೆ ಹೆಚ್ಚಾಗುವುದೆಂದರೆ ಸರದಿ ಹಾಕಿಕೊಳ್ಳೋಣ. ಅದೂ ಅಸಾಧ್ಯವಾದರೆ, ಮೆಚ್ಚುಗೆಯನ್ನು ಕಥೆ ಬರೆಯುವ ಮೊದಲೇ ಹಂಚುವ ವ್ಯವಸ್ಥೆ ಮಾಡಿ, ಓದುವ ಶ್ರಮವನ್ನು ತಾವು ಈಗಾಗಲೇ ಉಳಿಸಿದ್ದೀರಿ, ಬರೆಯುವ ಶ್ರಮವೂ ಉಳಿದರೆ ಸಾಹಿತ್ಯದ ಕಷ್ಟವೇ ತೀರಿದಂತೆ.

ತಿಂಗಳ ಹೆಬ್ಬೆರಳು ಪ್ರಶಸ್ತಿಪತ್ರವನ್ನು ಗೋಡೆಯಿಂದ ಬಿಡಿಸಿ ತಮಗೆ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ನನಗಿಂತ ಯೋಗ್ಯರು ಬಳಗದಲ್ಲಿ ಬೇಕಾದಷ್ಟಿದ್ದಾರೆ.

ಇಂತಿ, ಇನ್ನು ಮುಂದೆ ಓದದೆ ಏನನ್ನೂ ಒತ್ತಲಾರದ,
ತಮ್ಮ ವಿಶ್ವಾಸಿ,
ನೆಲಮಾಳಿಗೆಯ ಎಕ್ಸ್‌ರೇಯವನು

ವಿ.ಸೂ.: ಓದುಗಿ ೪೧೭ ಅವರೇ, ಮುಚ್ಚಿದ ಖಾತೆಯಿಂದ ಎಂಟನೇ ಕಂತು ನಿಮಗೆ ಕಾಣುವುದಿಲ್ಲವೆಂದು ಇಲ್ಲಿ ಬರೆಯುತ್ತಿದ್ದೇನೆ. ಬಾಗಿಲು ತೆರೆಯಿತು, ಕೀಲಿ ತಿರುಗಿಸಿದ್ದು ಬಲಗೈಯಲ್ಲಿ. ಒಳಗೆ ಗುರುವಿನ ತಾಯಿ ಕೂತಿದ್ದಳು, ಯಾರು ಎಂದು ಕೇಳಲಿಲ್ಲ, 'ಇಷ್ಟು ದಿನ ಎಲ್ಲಿದ್ಯೋ' ಎಂದಳು. ಅಮ್ಮನಿಗೆ ಓದಿ ಹೇಳಿ. ಮಾನ್ಯ ಸಂಚಾಲಕರೇ, ಧಾರಾವಾಹಿಯ ಗುಟ್ಟನ್ನು ಹೀಗೆ ಹಾದಿಬೀದಿಯಲ್ಲಿ ಬಿಟ್ಟುಕೊಟ್ಟನಲ್ಲ ಎಂದು ತಾವು ಗಾಬರಿಪಡಬೇಕಿಲ್ಲ, ಬಳಗದವರು ಯಾರೂ ಇಲ್ಲಿಯವರೆಗೆ ಓದಿಕೊಂಡು ಬಂದಿರುವುದಿಲ್ಲ.