ಚಿಟ್ಟೆ ಕೂತ ಕವನಗಳು

"ಕೊಳ್ಳೇಗಾಲ ಅಂದರೆ ಬರೀ ರೇಷ್ಮೆ ಅಂದುಕೊಂಡಿದ್ದಾರೆ ಮೈಸೂರಿನವರು! ಬರುವ ತಿಂಗಳು ಇಡೀ ಸೀಮೆಗೆ ಕಾವ್ಯದ ಹುಚ್ಚು ಹಿಡಿಸದಿದ್ದರೆ ನನ್ನ ಹೆಸರು ಶಿವರುದ್ರಸ್ವಾಮಿಯೇ ಅಲ್ಲ!"

ಹಗಲೆಲ್ಲ ಜನರ ಕ್ರಯಪತ್ರ ಬರೆದುಕೊಡುತ್ತಿದ್ದ ಶಿವರುದ್ರಸ್ವಾಮಿ ಈಗ 'ಹೊಸ ಎಳೆ' ಎಂಬ ಕಾವ್ಯಮಾಸಿಕದ ಸಂಪಾದಕರು! ಊರು ಮದ್ರಾಸಿನ ಆಡಳಿತದಲ್ಲಿದ್ದ ಕಾಲ. ಕಚೇರಿಯಲ್ಲಿ ತಮಿಳು ಕೇಳಿ ಕೇಳಿ ದಣಿದ ಕಿವಿಗಳಿಗೆ ಕನ್ನಡ ಕವನ ಕೇಳಿಸಲೇಬೇಕೆಂಬ ಹಠ ಅವರದು. ಅಲ್ಲಿ ಇಲ್ಲಿ ಬೇಡಿ, ಹೇಗೋ ಹನ್ನೆರಡು ಕವನ ಕೂಡಿಸಿದರು. ದಪ್ಪ ಹಾಳೆಗಳ ಮೇಲೆ ಮುತ್ತು ಪೋಣಿಸಿದ ಹಾಗೆ ನಕಲು ಮಾಡಿ, ಮೂಲಗಳನ್ನೆಲ್ಲ ಬಚ್ಚಲ ಒಲೆಗೆ ಹಾಕಿ, ಕಟ್ಟನ್ನು ಕಪಾಟಿನಲ್ಲಿಟ್ಟು ಹದಿನೈದು ದಿನವಾಗಿತ್ತು. ನಾಳೆ ಬೆಳಗಿನ ಬಸ್ಸಿಗೆ ಅದು ಮೈಸೂರಿನ ಅಚ್ಚುಕೂಟಕ್ಕೆ ಹೋಗಬೇಕು.

ಕಪಾಟು ತೆಗೆದರೆ ಕಟ್ಟೇ ಇಲ್ಲ!

"ಇಲ್ಲಿದ್ದ ಹಾಳೆ ಎಲ್ಲೇ?"

ಹೆಂಡತಿ ಶಿವರತ್ನಮ್ಮ ರೇಷ್ಮೆ ಚಿಟ್ಟೆಗಳನ್ನು ಹಾಳೆಯ ಮೇಲೆ ಕೂರಿಸಿ, ಮೊಟ್ಟೆ ಇಡಿಸಿ, ಆ ಹಾಳೆಗಳನ್ನು ಹುಳು ಸಾಕುವವರಿಗೆ ಮಾರುತ್ತಿದ್ದರು.

"ಯುದ್ಧ ಮುಗುದ್ರೂವೆ ಅಂಗಡೀಲಿ ಕಾಗ್ದ ಎಲ್ಲದೆ? ಚಿಟ್ಟೆ ಕೂರ್ಸಕ್ಕೆ ದಪ್ಪನವು ಬೇಕಾಗಿದ್ವು, ತಕಂಡೆ. ಬೋ ಚೆಂದಾಗಿ ಮೊಟ್ಟೆ ಇಟ್ಟವೆ! ಓದ್ವಾರ ಬಂಡಳ್ಳಿ ಚಿಕ್ಕಮಾದಪ್ಪ ತಕಂಡೋದ. ಇನ್ನ ಮಿಕ್ಕವು..."

ಮಿಕ್ಕದ್ದನ್ನು ಕೇಳಲು ಸಂಪಾದಕರು ಅಲ್ಲಿರಲಿಲ್ಲ. ಅಂಗಿಗೆ ಒಂದೇ ತೋಳು ತೂರಿಸಿಕೊಂಡು ಇದ್ದಿಲಿನಿಂದ ಓಡುವ ಬಸ್ಸು ಹತ್ತಿಯಾಗಿತ್ತು!

ಬಂಡಳ್ಳಿಯಲ್ಲಿ ಚಿಕ್ಕಮಾದಪ್ಪ ಇರುವೆ ಹತ್ತದಂತೆ ಸೂರಿಗೆ ನೇತುಹಾಕಿದ್ದ ಮೊರ ತೋರಿಸಿದ. ಅದರಲ್ಲಿ ಹಾಳೆಗಳು, ಹಾಳೆ ತುಂಬ ಸಾಸಿವೆ ಚೆಲ್ಲಿದಂತೆ ಮೊಟ್ಟೆ.

"ಮುಟ್ಬ್ಯಾಡಿ ಸಾ! ನಾಳ್ಕೆ ಒಡೀತವೆ."

"ಅದರಡಿ ಕವನ ಇದೆ ಕಣಯ್ಯಾ!"

"ಇರ್ಲಿ ಬುಡಿ ಸಾ. ಉಳ ಅದ್ನೇನೂ ತಿನ್ನಲ್ಲ."

ಎಣಿಸಿದರೆ ಮೂರೇ ಹಾಳೆ! ಉಳಿದ ಒಂಬತ್ತು ಎಲ್ಲಿ? "ನಾ ತಂದಿದ್ದು ಮೂರೇ ಸಾ" ಎಂದ ಚಿಕ್ಕಮಾದಪ್ಪ. ಸಿಕ್ಕಿದ್ದಾದರೂ ಉಳಿಯಲಿ ಎಂದು ಸಂಪಾದಕರು ಮೊರದೊಳಗೆ ಕತ್ತು ಚಾಚಿ ನಿಂತು ನಕಲು ಮಾಡತೊಡಗಿದರು. ಕವಿಯ ಹೆಸರಿದ್ದ ಕಡೆ ಚಿಟ್ಟೆ ಉಚ್ಚೆ ಹೊಯ್ದು ಮಸಿ ಕದಡಿತ್ತು. ಸಾಲಿಗೆ ಮೂರು ಪದ ಕಂಡರೆ ಐದು ಪದ ಮೊಟ್ಟೆಗಳ ಅಡಿಯಲ್ಲಿ. 'ಓ' ಆದಮೇಲೆ ಇರುವುದು ತಾರೆಯೋ? ತೊರೆಯೋ? ಎಮ್ಮೆಯೋ? ಎಮ್ಮೆ ಹಾಕಿ ಓದಿದರೂ ಅರ್ಥವೇನೂ ಕೆಡಲಿಲ್ಲ!

"ಥೂ, ಯಾವ ಪುಣ್ಯಾತ್ಮ ಬರೆದನಪ್ಪಾ ಇದನ್ನ! ಇಂಥದ್ದನ್ನು ಆರಿಸಿದವನಿಗೆ ತಲೆ ನೆಟ್ಟಗಿದೆಯೇ?"

"ಆರ್ಸಿದ್ದು ಯಾರು ಸಾ?"

"ನಾನೇ!"

ಚಿಕ್ಕಮಾದಪ್ಪ ಮೊರವನ್ನು ಇನ್ನೊಂದು ಗೇಣು ಮೇಲಕ್ಕೆಳೆದು ಕಟ್ಟಿದ.

ಸಂಜೆ ಮನೆಗೆ ಬಂದವರೇ ಜಗುಲಿಯಿಂದಲೇ ಕೂಗಿದರು. "ಮಿಕ್ಕ ಒಂಬತ್ತು ಯಾರಿಗೆ ಮಾರಿದೆ, ಬೊಗಳು!"

"ಮಾರಿಲ್ಲ ಕಣ್ರಿ! ಯೋಳಾದ್ರೊಳ್ಗೆ ಓಡ್ಬುಟ್ರಿ." ಶಿವರತ್ನಮ್ಮ ಸೀರೆಪೆಟ್ಟಿಗೆಯಿಂದ ಕಟ್ಟು ತೆಗೆದುಕೊಟ್ಟರು. "ಎಲ್ಲಾನೂ ಓದ್ದೆ. ಇವು ಬೋ ಚೆಂದಾಗಿದ್ವು. ಚಿಟ್ಟೆ ಅಡೀಕೆ ಆಕಕ್ಕೆ ಮನ್ಸು ಬರ್ನಿಲ್ಲ. ಮಡಗ್ದೆ."

ಸಂಪಾದಕರ ಎದೆ ಉಬ್ಬಿತು. ಹೆಂಡತಿಯೇ ಮೊದಲ ಓದುಗಾರ್ತಿ! ಪತ್ರಿಕೆ ಉಳಿಯಿತು! ಆನಂದದಿಂದ ಹಾಳೆ ತಿರುವಿದರು. ಯಳಂದೂರಿನ ಕೆಂಪನಂಜಪ್ಪನದು ಇದೆ, ಹೊನ್ನೂರಿನ ಚೆನ್ನಯ್ಯನದು ಇದೆ, ಒಂಬತ್ತು ಜನ ಕವಿಗಳದೂ ಇದೆ. ಇಲ್ಲದ್ದು ಮೂರು. 'ಸಂಪಾದಕನೇ ಬರೆದರೆ ಜನ ಏನಂದಾರು' ಎಂದು ಸುಳ್ಳು ಹೆಸರು ಹಾಕಿ ತಾವೇ ಬರೆದಿದ್ದ ಮೂರು!

"ಆ ಮೂರ್ನೂ ಯಾರ್ರೀ ಬರ್ದಿದ್ದು?" ಕೇಳಿದರು ಶಿವರತ್ನಮ್ಮ. "ಎಲ್ಡ್ನೇ ಸಾಲ್ಗೇ ತೂಕಡ್ಕೆ ಬಂತು."

"ಯಾರೋ... ಹನೂರು ಕಡೆಯವನು."

"ಮದ್ವೆ ಆಗದಾ?"

"ಆಗಿದೆ."

"ಅಯ್ಯೋ ಪಾಪ! ಅವ್ಳು ಎಂಗೆ ಏಗ್ತಾ ಅವ್ಳೋ!"